ಬಿರಿಯಾನಿಗೆ ಮೊಸರು ಹಾಕ್ತಾರಂತಲ್ಲ!

ಕೋಳಿ ತಿನ್ನದ ನಾನು ಜೀವಮಾನದಲ್ಲಿ ಒಂದೇ ಒಂದು ಸಲ ಕೋಳಿ ಕೊಂಡಿದ್ದೇನೆ. ಒಂದಲ್ಲ, ಎರಡು. ಕೊಂಡಿದ್ದಷ್ಟೇ ಅಲ್ಲ, ಆ ಎರಡನ್ನೂ ಎರಡು ಕಂಕುಳಲ್ಲಿ ಕೂಸುಗಳ ಹಾಗೆ ಎತ್ತಿಕೊಂಡು, ಹಣೆಯ ಗಂಧ ಇನ್ನೂ ಒಣಗದ ಹೊತ್ತಿನಲ್ಲಿ, ಕೊಡಿಗೇಹಳ್ಳಿಯ ನಡುಬೀದಿಯಲ್ಲಿ ನಡೆದುಹೋಗಿದ್ದೇನೆ. ನೋಡಿದವರು ಯಾರೂ ಅದನ್ನು ಮರೆತಿಲ್ಲ. ಈಗಲೂ ಆ ಕಡೆ ಹೋದರೆ ಹಳಬರೊಬ್ಬರು ಸಿಕ್ಕೇ ಸಿಗುತ್ತಾರೆ, 'ಏನ್ ಸಾಮಿ, ಕೋಳಿ ಬೇಕಿತ್ತಾ?' ಅಂತ ಕೇಳಿ ಹಲ್ಲು ಬಿಡುತ್ತಾರೆ. ಅವರಿಗೆಲ್ಲ ಬಿಡಿಸಿ ಹೇಳುವಷ್ಟು ತಾಳ್ಮೆ ನನಗಿಲ್ಲ. ನೀವು ಪುರುಸೊತ್ತಾಗಿ ಕೂತಿದ್ದೀರಿ, ನಿಮಗಾದರೂ ಹೇಳಿಬಿಡುತ್ತೇನೆ.

ಎಪ್ಪತ್ತರ ದಶಕ ಮುಗಿದು ಎಂಬತ್ತು ಶುರುವಾಗಿದ್ದ ಕಾಲ. ನನಗಿನ್ನೂ ಮದುವೆಯಾಗಿರಲಿಲ್ಲ. ಯಶವಂತಪುರದ ಒಂದು ಕಾರ್ಖಾನೆಯಲ್ಲಿ ಯಂತ್ರಗಳ ನಕ್ಷೆ ಬರೆಯುವ ಕೆಲಸ. ವಾಸ ಕೊಡಿಗೇಹಳ್ಳಿಯಲ್ಲಿ. ಆಗ ಅದು ಹೆಸರಿಗೆ ತಕ್ಕ ಹಾಗೆ ಹಳ್ಳಿಯೇ. ಸುತ್ತ ದ್ರಾಕ್ಷಿ ತೋಟ, ನಡುವೆ ಹೆಂಚಿನ ಮನೆಗಳು, ಮನೆಗಳ ಮುಂದೆ ಜಗಲಿ. ಮುನಿಯಮ್ಮ ಅನ್ನುವಾಕೆಯ ಮನೆಯ ಅರ್ಧಭಾಗದಲ್ಲಿ ನಾನೂ ಅಮ್ಮನೂ ಬಾಡಿಗೆಗಿದ್ದೆವು. ಮುನಿಯಮ್ಮನ ಕೋಳಿಗಳು ದಿನವಿಡೀ ನಮ್ಮ ಬಾಗಿಲ ಮುಂದೆ ಕೆದಕುತ್ತಿದ್ದವು, ಅಮ್ಮ ದಿನವಿಡೀ ಅವನ್ನು ಹುಶ್ ಹುಶ್ ಅನ್ನುತ್ತಿದ್ದಳು.

ನನ್ನ ಅಮ್ಮನ ಮಡಿಯ ವಿಷಯ ಸ್ವಲ್ಪ ಹೇಳಲೇಬೇಕು, ಇಲ್ಲದಿದ್ದರೆ ಮುಂದಿನದು ನಿಮಗೆ ತಿಳಿಯುವುದಿಲ್ಲ. ಮಡಿ ಒಂದು ಕಡೆ ಇರಲಿ, ಅವಳ ನಿಜವಾದ ಪಾಂಡಿತ್ಯ ಇದ್ದದ್ದು ಮುಸುರೆಯಲ್ಲಿ. ಬೆಂದ ಅನ್ನ ಮುಟ್ಟಿದ ಕೈ ಮುಸುರೆ. ಆ ಕೈ ತೊಳೆಯದೆ ಹಾಲು ಮುಟ್ಟುವಂತಿಲ್ಲ, ಮೊಸರು, ಉಪ್ಪಿನಕಾಯಿ ಜಾಡಿ ಮುಟ್ಟುವಂತಿಲ್ಲ. ಅನ್ನದ ಪಾತ್ರೆ ಒಂದು ಕಡೆ, ಹಾಲು ಮೊಸರಿನ ಪಾತ್ರೆ ಇನ್ನೊಂದು ಕಡೆ. ಯಾಕಮ್ಮಾ ಅಂದರೆ 'ಯಾಕೆ ಅಂದ್ರೆ? ಮುಸುರೆ ಕಣೋ!' ಅನ್ನುವುದೇ ಉತ್ತರ. ಓದಿದವನೆಂಬ ಜಂಬದಲ್ಲಿ ನಾನು ಎಷ್ಟು ವಾದ ಮಾಡಿದರೂ ಕೊನೆಗೆ ಕೈ ತೊಳೆದುಕೊಂಡೇ ಮೊಸರು ಬಡಿಸಿಕೊಳ್ಳುತ್ತಿದ್ದೆ. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಅನ್ನುತ್ತಾರಲ್ಲ, ಆ ಗಾದೆ ಮಾಡಿದವನಿಗೆ ತಾಯಿ ಇರಲಿಲ್ಲವೆಂದು ಕಾಣುತ್ತದೆ.

ಇನ್ನು ಕಾರ್ಖಾನೆಯ ಇಬ್ಬರು ಗೆಳೆಯರು. ಬಶೀರ್ ಆರ್.ಟಿ. ನಗರದವನು. ಕತ್ತರಿಸುವ ಯಂತ್ರಗಳ ಬ್ಲೇಡಿಗೆ ಸಾಣೆ ಹಿಡಿಯುವುದು ಅವನ ಕೆಲಸ. ಸಾಲೊಮನ್ ಕೊಂಕಣ ತೀರದ ಯೆಹೂದಿ, ಮನೆಮಾತು ಮರಾಠಿ. ಬಶೀರ್ ಸಾಣೆ ಹಿಡಿದ ಬ್ಲೇಡನ್ನು ತಪಾಸಣೆ ಮಾಡಿ ಪಾಸು ಮಾಡುವುದು, ಹೆಚ್ಚಾಗಿ ಫೇಲು ಮಾಡುವುದು, ಅವನ ಕೆಲಸ. ಅಳತೆಯ ಉಪಕರಣಗಳೆಲ್ಲ ಮುಂದಿದ್ದರೂ ಸಾಲೊಮನ್ ಮೊದಲು ಬ್ಲೇಡಿನ ಅಂಚನ್ನು ತನ್ನ ಹೆಬ್ಬೆರಳಿನ ಉಗುರಿನ ಮೇಲೆ ಮೆಲ್ಲಗೆ ಎಳೆಯುತ್ತಿದ್ದ. 'ಇಲ್ಲಿ ಗೀರು ಇದೆ' ಅಂದರೆ ಮುಗಿಯಿತು. ಬಶೀರ್ ಹಾರಾಡುತ್ತಿದ್ದ, 'ಗೀರು ನಿನ್ನ ಉಗುರಲ್ಲಿದೆ ಕಣೋ!' ಅಂತ. ಆಮೇಲೆ ಭೂತಗನ್ನಡಿ ಇಟ್ಟು ನೋಡಿದರೆ ಗೀರು ಇದ್ದೇ ಇರುತ್ತಿತ್ತು. ಹೀಗೆ ಜಗಳದಲ್ಲಿ ಶುರುವಾದ ಸ್ನೇಹ ಅವರದು, ಆದ್ದರಿಂದಲೇ ಗಟ್ಟಿಯಾಗಿತ್ತು.

ಆ ಉಗುರಿನ ವಿದ್ಯೆ ಸಾಲೊಮನ್ನನಿಗೆ ಬಂದದ್ದು ಅಪ್ಪನಿಂದ. ಅಪ್ಪ ಊರಿನ ಯೆಹೂದಿಗಳಿಗೆ ಶಾಸ್ತ್ರಪ್ರಕಾರ ಕೋಳಿ ಕುರಿ ಕುಯ್ದುಕೊಡುವವರು. ಚಾಕುವಿನ ಅಂಚಿನಲ್ಲಿ ಕೂದಲಷ್ಟು ಗೀರಿದ್ದರೂ ಕುಯ್ದದ್ದು ಕೋಷರ್ ಆಗುವುದಿಲ್ಲ. ಕೋಷರ್ ಅಂದರೆ ನಮ್ಮ ಕಡೆಯ 'ಮಡಿಗೆ ಬರುತ್ತದೆ' ಅಂದ ಹಾಗೆ, ತಿನ್ನಲು ತಕ್ಕದ್ದು. ಬೆಂಗಳೂರಿನಲ್ಲಿ ಅಂಥವರು ಯಾರೂ ಸಿಕ್ಕದ್ದರಿಂದ ಸಾಲೊಮನ್ ತಾನೇ ಅಪ್ಪನ ಚಾಕುವಿನಲ್ಲಿ ಕುಯ್ದರೆ ಕೋಳಿ, ಇಲ್ಲದಿದ್ದರೆ ಮೊಟ್ಟೆ ಮೀನು. ಮೀನೂ ಪೊರೆ ಇರುವುದೇ ಆಗಬೇಕು.

ಅವನ ಪೂರ್ವಿಕರು ಕೊಂಕಣದಲ್ಲಿ ಎಣ್ಣೆ ಗಾಣ ಆಡಿಸುತ್ತಿದ್ದರಂತೆ. ಶನಿವಾರ ಗಾಣ ಮುಟ್ಟುತ್ತಿರಲಿಲ್ಲವಾಗಿ ಊರಿನವರು ಅವರನ್ನು ಶನಿವಾರದ ಗಾಣಿಗರು ಅಂತಲೇ ಕರೆಯುತ್ತಿದ್ದರಂತೆ. ಇದನ್ನು ಹೇಳಿದಾಗ ಅಮ್ಮನಿಗೆ ಅವನ ಮೇಲೆ ಒಂದೇ ಸಲಕ್ಕೆ ಗೌರವ ಉಕ್ಕಿತು. 'ಪಾಪ, ಶನಿವಾರ ಮಾಡ್ತಾರಾ! ನೀನೂ ಇದೀಯ, ಶನಿವಾರ ಒಪ್ಪತ್ತು ಇರು ಅಂದ್ರೆ ಎರಡು ಸಲ ಉಪ್ಪಿಟ್ಟು ತಿಂತೀಯ' ಅಂದಳು. ಯೆಹೂದಿ ಅಂದರೆ ಯಾರು, ಅವರ ದೇಶ ಎಲ್ಲಿ, ಒಂದೂ ಕೇಳಲಿಲ್ಲ.

ಕ್ಯಾಂಟೀನಿನಲ್ಲಿ ನಾವು ಮೂವರೂ ಒಂದೇ ಮೇಜಿಗೆ ಕೂರುತ್ತಿದ್ದೆವು. ನನ್ನ ಡಬ್ಬಿಯ ಪುಳಿಯೋಗರೆಗೆ ಇಬ್ಬರೂ ಕೈ ಹಾಕುತ್ತಿದ್ದರು. ಸಾಲೊಮನ್ನನ ಡಬ್ಬಿಯ ಮೊಟ್ಟೆ ಮೀನಿಗೆ ಬಶೀರ್ ಕೈ ಹಾಕುತ್ತಿದ್ದ. ಬಶೀರನ ಡಬ್ಬಿಗೆ ಮಾತ್ರ ಯಾರೂ ಕೈ ಹಾಕುತ್ತಿರಲಿಲ್ಲ. ನಾನು ಹಾಕದ್ದು ಅವನಿಗೆ ಅರ್ಥವಾಗುತ್ತಿತ್ತು. 'ನೀನು ಸೊಪ್ಪು ತಿನ್ನೋನು, ನಿನ್ನ ಬಿಡು ಗುರು' ಅನ್ನುತ್ತಿದ್ದ. ಸಾಲೊಮನ್ ಹಾಕದ್ದು ಅವನಿಗೆ ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಅವನೂ ಕೋಳಿ ತಿನ್ನುವವನು, ಹಂದಿ ಮುಟ್ಟದವನು, ಒಬ್ಬನೇ ದೇವರೆನ್ನುವವನು. ಆದರೂ ಪ್ರತಿ ರಂಜಾನಿಗೆ ಬಶೀರನ ಮನೆಗೆ ಬಂದು ಬಾಳೆಹಣ್ಣು ತಿಂದು ಕರೀ ಚಹಾ ಕುಡಿದು ಹೋಗುತ್ತಿದ್ದ. ಬಶೀರನ ಹೆಂಡತಿ ಜುಬೇದಾ ಬಿರಿಯಾನಿಗೆ ಇಡೀ ಆರ್.ಟಿ. ನಗರದಲ್ಲಿ ಹೆಸರಾದವಳು. ಅವಳು ಒಂದು ಸಲ ನನ್ನೆದುರಿಗೇ ಕೇಳಿದ್ದಳು, 'ನಮ್ಮ ಮನೆ ಅಷ್ಟು ಗಲೀಜಾ ಭಾಯ್?' ಅಂತ. ಸಾಲೊಮನ್ನನಿಗೆ ಕಣ್ಣಲ್ಲಿ ನೀರು ಬಂದಿತ್ತು. 'ಇಲ್ಲ ಭಾಭಿ, ಇಲ್ಲ' ಅಂದನೇ ಹೊರತು ತಿನ್ನಲಿಲ್ಲ.

ನನಗೋ ಶಾಸ್ತ್ರದ ವಾದ ಅಂದರೆ ಪ್ರಾಣ, ಮುಖ್ಯವಾಗಿ ನನ್ನದಲ್ಲದ ಶಾಸ್ತ್ರ. ಊಟದ ಬಿಡುವಿನಲ್ಲಿ ಇಬ್ಬರನ್ನೂ ಕೆದಕುತ್ತಿದ್ದೆ. ಸಾಲೊಮನ್ನನ ಕಡೆ ಪ್ರಾಣಿಗಳಿಗೆ ಎರಡು ಪೇಪರಿನ ಪರೀಕ್ಷೆ. ಗೊರಸು ಸೀಳಿರಬೇಕು, ಮೆಲುಕೂ ಹಾಕಬೇಕು. ಕುರಿ, ಮೇಕೆ ಎರಡರಲ್ಲೂ ಪಾಸು. ಹಂದಿಗೆ ಗೊರಸು ಸೀಳಿದೆ, ಮೆಲುಕಿಲ್ಲ, ನಪಾಸು. ಒಂಟೆಗೆ ಮೆಲುಕಿದೆ, ಗೊರಸು ಸರಿಯಿಲ್ಲ, ಅದೂ ನಪಾಸು. ಹಲಾಲಿನಲ್ಲಿ ಒಂಟೆ ಪಾಸು. 'ನಮ್ಮವರು ಅರೇಬಿಯಾ ದಾಟಬೇಕಿತ್ತಲ್ಲ, ಒಂಟೆ ಬಿಟ್ಟರೆ ಏನಿತ್ತು?' ಅಂತ ಬಶೀರ್ ಅರೇಬಿಯಾ ಕಂಡವನ ಹಾಗೆ ಹೇಳುತ್ತಿದ್ದ. ಅವನು ಕಂಡಿದ್ದ ಒಂಟೆ ಒಂದೇ, ಬೊಂಬಾಯಿಯ ಚೌಪಾಟಿಯಲ್ಲಿ ಮಕ್ಕಳನ್ನು ಹೊತ್ತು ತಿರುಗುವುದು.

ರಕ್ತ ಇಬ್ಬರಿಗೂ ಆಗದು. ಇಬ್ಬರೂ ಕುಯ್ದ ಮೇಲೆ ಸುರಿದು ಹೋಗಲು ಬಿಡುತ್ತಾರೆ. ಯೆಹೂದಿಗಳಿಗೆ ಅಷ್ಟರಿಂದ ಸಮಾಧಾನವಿಲ್ಲ, ಮಾಂಸವನ್ನು ನೀರಿನಲ್ಲಿ ನೆನೆಸಿ, ಉಪ್ಪು ಸವರಿಟ್ಟು, ಮತ್ತೆ ತೊಳೆಯುತ್ತಾರೆ. ಹೆಂಡ ಬಶೀರನಿಗೆ ಹರಾಮು. ಸಾಲೊಮನ್ನನಿಗೆ ಶುಕ್ರವಾರ ಸಂಜೆ ದ್ರಾಕ್ಷಾರಸದ ಬಟ್ಟಲು ಹಿಡಿದು ದೇವರನ್ನು ನೆನೆಯಲೇಬೇಕು. ಆದರೆ ಅವನ ಮನೆಯಲ್ಲಿ ಅದು ಒಣದ್ರಾಕ್ಷಿ ನೆನೆಸಿ ಹಿಂಡಿದ ಶರಬತ್ತು. ಅದರಲ್ಲಿ ಬಶೀರನೂ ಒಂದು ಗುಟುಕು ಕುಡಿದು, 'ಇದಕ್ಕೆ ಹೆಂಡ ಅನ್ನೋದಾದರೆ ನಮ್ಮ ಮಕ್ಕಳೆಲ್ಲ ಕುಡುಕರು' ಅಂದಿದ್ದ.

ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ಹಾಲಿನದು. ಮರಿಯನ್ನು ಅದರ ತಾಯಿಯ ಹಾಲಿನಲ್ಲಿ ಬೇಯಿಸಕೂಡದೆಂಬ ಹಳೆಯ ಕಟ್ಟಳೆಯೊಂದು ಯೆಹೂದಿಗಳಲ್ಲಿದೆ. ಅದರಿಂದ ಹುಟ್ಟಿ ಬೆಳೆದು, ಮಾಂಸಕ್ಕೂ ಹಾಲಿಗೂ ಸಂಬಂಧವೇ ಕೂಡದು ಅನ್ನುವವರೆಗೆ ಬಂತು. ಪಾತ್ರೆ ಬೇರೆ, ಸೌಟು ಬೇರೆ, ಒಂದು ತಿಂದ ಮೇಲೆ ಇನ್ನೊಂದಕ್ಕೆ ಕಾಯಬೇಕು, ಒಂದೇ ಮೇಜಿನ ಮೇಲೆ ಎರಡನ್ನೂ ಇಡುವಂತಿಲ್ಲ. ಹಲಾಲಿನಲ್ಲಿ ಈ ಗೊಡವೆಯೇ ಇಲ್ಲ.

'ಕೋಳಿ ಯಾವತ್ತೋ ಹಾಲು ಕೊಡ್ತಿತ್ತು?' ಅಂತ ಬಶೀರ್ ಒಮ್ಮೆ ಮೇಜು ಗುದ್ದಿ ಕೇಳಿದ.

'ಕೊಡೋದಿಲ್ಲ. ಆದರೆ ನಮ್ಮ ಹಿರಿಯರು ಬಹಳ ಹುಷಾರಿನ ಜನ' ಅಂದ ಸಾಲೊಮನ್.

ಇದನ್ನು ಮನೆಯಲ್ಲಿ ಹೇಳಿದರೆ ಅಮ್ಮ ನಗಲಿಲ್ಲ. 'ಅದರಲ್ಲಿ ನಗೋದೇನಿದೆ? ಬೇಲಿ ಯಾವತ್ತೂ ಹೊಲಕ್ಕಿಂತ ಒಂದು ಮಾರು ಹೊರಗೇ ಹಾಕೋದು. ಅವರದ್ದೂ ಮುಸುರೆಯೇ ಅನ್ನು' ಅಂದಳು. ನಾನು ತಿಂಗಳುಗಟ್ಟಲೆ ಚರ್ಚೆ ಮಾಡಿ ತಿಳಿದದ್ದನ್ನು ಅವಳು ಅಕ್ಕಿಯಲ್ಲಿ ಕಲ್ಲು ಆರಿಸುತ್ತಲೇ ಮುಗಿಸಿಬಿಟ್ಟಿದ್ದಳು, ನನಗೆ ಸ್ವಲ್ಪ ಬೇಜಾರಾಯಿತು.

ಗೆಳೆಯರಿಬ್ಬರೂ ಭಾನುವಾರ ಒಮ್ಮೊಮ್ಮೆ ನಮ್ಮ ಮನೆಗೂ ಬರುತ್ತಿದ್ದರು. ಬಂದರೆ ಜಗಲಿಯ ಮೇಲೆಯೇ. ಅಮ್ಮ ಒಳ್ಳೆಯ ಕಾಫಿ ಮಾಡಿ, ಹೊರಗಿನವರಿಗೆಂದೇ ಬೇರೆ ಗೂಡಿನಲ್ಲಿಟ್ಟಿದ್ದ ಗಾಜಿನ ಲೋಟಗಳಲ್ಲಿ ತಂದಿಡುತ್ತಿದ್ದಳು. ಪ್ರೀತಿಗೆ ಕಡಿಮೆಯಿಲ್ಲ, ಚಕ್ಕುಲಿ ಕೋಡುಬಳೆಗೂ ಕಡಿಮೆಯಿಲ್ಲ, ಹೊಸ್ತಿಲು ಮಾತ್ರ ಹೊಸ್ತಿಲೇ. ಬಶೀರ್ ಬಂದವನೇ ಟವಲಿನಿಂದ ಜಗಲಿ ಕೊಡವಿ 'ನಮ್ಮ ಸೀಟು' ಅಂತ ಕೂತುಬಿಡುತ್ತಿದ್ದ. ಸಾಲೊಮನ್ನನಿಗಂತೂ ಗಾಜಿನ ಲೋಟ ಬಹಳ ಹಿಡಿಸಿತ್ತು. ಗಾಜು ಏನನ್ನೂ ಹೀರುವುದಿಲ್ಲ, ಅದರಿಂದ ಕೋಷರ್ ಕೆಡುವುದಿಲ್ಲ ಅಂತ ಅವನ ಅಪ್ಪ ಹೇಳಿದ್ದರಂತೆ. ಅಮ್ಮ ತನ್ನ ಮಡಿ ಕೆಡಬಾರದೆಂದು ಗಾಜಿನ ಲೋಟ ಕೊಡುತ್ತಿದ್ದಳು, ಅವನು ತನ್ನ ಮಡಿ ಕೆಡಲಿಲ್ಲವೆಂದು ಸಂತೋಷವಾಗಿ ಕುಡಿಯುತ್ತಿದ್ದ. ಜುಬೇದಾ ಒಮ್ಮೆ ಬಂದಾಗಲೂ ಅಷ್ಟೆ, ಅವಳು ಜಗಲಿಯ ಮೇಲೆ, ಅಮ್ಮ ಹೊಸ್ತಿಲ ಒಳಗೆ. ಇಬ್ಬರೂ ಒಂದು ಮಧ್ಯಾಹ್ನವಿಡೀ ಮಾತಾಡಿದರು. ಅಮ್ಮ ಸಾರಿನ ಪುಡಿಯ ಗುಟ್ಟು ಹೇಳಿಕೊಟ್ಟಳಂತೆ, ಜುಬೇದಾ ಬಿರಿಯಾನಿಯದು. ಹೇಳಿಸಿಕೊಂಡು ಅಮ್ಮ ಏನು ಮಾಡುತ್ತಾಳೆ ಅಂತ ನಾನು ನಕ್ಕಿದ್ದೆ.

ಹೀಗಿರುವಾಗ ಒಂದು ದಿನ ಸಾಲೊಮನ್ ಡಬ್ಬಿ ಬಿಚ್ಚದೆ ಸುಮ್ಮನೆ ಕೂತ. ಇಸ್ರೇಲಿನಲ್ಲಿದ್ದ ಅವನ ಭಾವ ಬಹಳ ದಿನದಿಂದ ಕರೆಯುತ್ತಿದ್ದ. ಈಗ ಎಲ್ಲ ಗಟ್ಟಿಯಾಗಿದೆ, ಹೆಂಡತಿ ಮಕ್ಕಳು ಆಗಲೇ ಬೊಂಬಾಯಿಗೆ ಹೋಗಿದ್ದಾರೆ, ಇನ್ನು ಸ್ವಲ್ಪ ದಿನಕ್ಕೆ ತಾನೂ ಹೊರಡುವುದು. ವಾಪಸ್ಸು ಬರುವುದು ದೇವರಿಗೆ ಬಿಟ್ಟದ್ದು.

ಬಶೀರ್ ತನ್ನ ಡಬ್ಬಿಯನ್ನೂ ಮುಚ್ಚಿ ಪಕ್ಕಕ್ಕೆ ಸರಿಸಿದ. ಆಮೇಲೆ, 'ನಾಳೆ ನಾನು ಸತ್ತರೆ ನನ್ನ ದೋಸ್ತ್ ನಮ್ಮ ಮನೆಯ ಅನ್ನ ಒಂದು ಅಗುಳೂ ತಿನ್ನಲಿಲ್ಲ ಅಂತ ಸಾಯ್ಬೇಕೇನೋ?' ಅಂದ. 'ಹೋಗೋ ಮುಂಚೆ ಒಂದೇ ಒಂದು ಸಲ. ನಿನ್ನ ಕಾನೂನು ಏನಿದೆಯೋ ಹೇಳು. ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರ್ತೀನಿ.'

ಹೀಗೆ ಶುರುವಾಯಿತು ನೋಡಿ, ಸಮ್ಮೇಳನ.

ಬಶೀರ್ ಕುಯ್ದದ್ದನ್ನು ಸಾಲೊಮನ್ ತಿನ್ನುವಂತಿಲ್ಲ, ಅದಕ್ಕೆ ಕಲಿತ ಯೆಹೂದಿಯೇ ಆಗಬೇಕು. ಸಾಲೊಮನ್ ಕುಯ್ದದ್ದನ್ನು ಬಶೀರ್ ತಿನ್ನಬಹುದೇ? ಬಶೀರ್ ತನ್ನ ಮಸೀದಿಯ ಹಿರಿಯರನ್ನು ಕೇಳಿಕೊಂಡು ಬಂದ. ಯೆಹೂದಿಗಳು ಕಿತಾಬಿನ ಜನ, ಅಂದರೆ ದೇವರ ಗ್ರಂಥ ಪಡೆದವರು, ದೇವರ ಹೆಸರು ಹೇಳಿ ಕುಯ್ದರೆ ತಿನ್ನಬಹುದು ಅಂದರಂತೆ. ಸರಿ, ಸಾಲೊಮನ್ನನೇ ಕುಯ್ಯುವುದು. ಕೂಡಲೇ ಇನ್ನೊಂದು ತಕರಾರು. ಸಾಲೊಮನ್ ಒಂದು ಸಲ ಪ್ರಾರ್ಥನೆ ಹೇಳಿ ಎರಡು ಕೋಳಿ ಕುಯ್ಯುತ್ತಾನೆ, ಬಶೀರನ ಲೆಕ್ಕದಲ್ಲಿ ಕೋಳಿಗೊಂದು ಸಲ ಹೇಳಬೇಕು. ಇಬ್ಬರೂ ಎರಡು ದಿನ ಮುಖ ಊದಿಸಿಕೊಂಡಿದ್ದರು. ಕೊನೆಗೆ, ಸಾಲೊಮನ್ ತನ್ನ ಭಾಷೆಯಲ್ಲಿ ಒಂದು ಸಲ ಹೇಳುವುದು, ಬಶೀರ್ ಪಕ್ಕದಲ್ಲೇ ನಿಂತು ಪ್ರತಿ ಕೋಳಿಗೂ ಬಿಸ್ಮಿಲ್ಲಾ ಅನ್ನುವುದು ಅಂತ ನಾನೇ ತೀರ್ಪು ಕೊಟ್ಟೆ. ಎರಡು ಧರ್ಮಗಳಿಗೆ ತೀರ್ಪು ಕೊಟ್ಟವನೆಂಬ ಹಮ್ಮಿನಲ್ಲಿ ಅವತ್ತು ಬಸ್ಸು ಇಳಿಯುವ ಸ್ಟಾಪನ್ನೇ ಮರೆತು ಮುಂದೆ ಯಲಹಂಕಕ್ಕೆ ಹೋಗಿಬಿಟ್ಟೆ.

ಮನೆಗೆ ಬಂದು ಚಾಕು, ಉಗುರು, ಉಪ್ಪು, ಪ್ರಾರ್ಥನೆ ಎಲ್ಲವನ್ನೂ ಅಮ್ಮನಿಗೆ ವಿವರಿಸಿದೆ. ಅವಳು ಬತ್ತಿ ಹೊಸೆಯುತ್ತ ಎಲ್ಲ ಕೇಳಿ, 'ಅದೆಲ್ಲ ಸರಿ ಕಣೋ, ಬಿರಿಯಾನಿಗೆ ಮೊಸರು ಹಾಕ್ತಾರಂತಲ್ಲ, ಅದಕ್ಕೇನು ಮಾಡ್ತಾರೆ?' ಅಂದಳು.

ನಾನು ನೀರು ಕುಡಿಯುತ್ತಿದ್ದವನು ಕೆಮ್ಮಿಬಿಟ್ಟೆ.

'ಮೊಸರಲ್ಲಿ ನೆನೆಸಿಡ್ತಾರಂತೆ. ಮೇಲೆ ತುಪ್ಪ ಬೇರೆ. ಜುಬೇದಾನೇ ಹೇಳಿದ್ಲು' ಅಂತ ಅವಳು ಮುಂದುವರಿಸಿದಳು. 'ಆ ಪುಣ್ಯಾತ್ಮ ಒಂದು ತುತ್ತು ಬಾಯಿಗಿಟ್ಟ ಮೇಲೆ ಗೊತ್ತಾದರೆ ಏನು ಗತಿ? ದೂರದೂರಿಗೆ ಹೊರಟೋನು, ಮನಸ್ಸಲ್ಲಿ ಅದನ್ನೇ ಇಟ್ಕೊಂಡು ಹೋಗ್ಬೇಕಾ? ಮತ್ತೆ ಅವಳ ಪಾತ್ರೆಗಳೆಲ್ಲ ಮೊಸರೂ ಮಾಂಸವೂ ಕೂಡಿ ಬೆಂದದ್ದೇ. ಹೊಸ ಮಡಕೆ ತಗೊಳ್ಳೋಕೆ ಹೇಳು, ಹೊಸ ಮಡಕೆಗೆ ಯಾವ ದೋಷವೂ ಇಲ್ಲ. ಸೌಟೂ ಹೊಸದು, ತೆಂಗಿನ ಚಿಪ್ಪಿಂದು. ಊಟ ಎಲೆ ಮೇಲೆ.'

ಬಶೀರ್ ಮೊಸರು ಹಾಕಿದ ಬಿರಿಯಾನಿ ತಿಂದೇ ಬೆಳೆದವನು, ಸಾಲೊಮನ್ ಹಾಲು ಮಾಂಸ ಬೇರೆ ಮಾಡಿಯೇ ಬೆಳೆದವನು, ನಾನು ತೀರ್ಪುಗಾರ. ಮೂವರೂ ಚಾಕುವಿನ ಅಂಚನ್ನೇ ನೋಡುತ್ತ ಕೂತು ಮಡಕೆಯೊಳಗೆ ಇಣುಕಿರಲಿಲ್ಲ. ಬಿರಿಯಾನಿಯ ವಾಸನೆಗೇ ಮೂಗಿಗೆ ಸೆರಗು ಹಿಡಿಯುವ ನನ್ನ ಅಮ್ಮ ಇಣುಕಿದ್ದಳು.

ಮೊಸರಿಲ್ಲದೆ ಮಾಡಬೇಕು ಅಂದಾಗ ಜುಬೇದಾಗೆ ಬಂದ ಸಿಟ್ಟು ಹೇಳತೀರದು. 'ದಹೀ ಇಲ್ಲ, ತುಪ್ಪ ಇಲ್ಲ! ನಾನು ಮಾಡೋದು ಬಿರಿಯಾನಿನಾ, ಚಿತ್ರಾನ್ನಾನಾ? ನಮ್ಮ ಅಮ್ಮೀ ಕೇಳಿದರೆ ಕಬರಿಂದ ಎದ್ದು ಬರ್ತಾಳೆ!' ಸಾಲೊಮನ್ ಮೆಲ್ಲಗೆ, ತಮ್ಮ ಕಡೆ ಮೊಸರಿನ ಬದಲು ತೆಂಗಿನ ಹಾಲು ಹಾಕುತ್ತಾರೆ, ಹುಳಿಗೆ ನಿಂಬೆಹಣ್ಣು ಅಂದ. 'ತೆಂಗಿನಕಾಯಿನಾ! ಬಿರಿಯಾನಿಗಾ!' ಅಂತ ಅವಳು ಪರದೆ ಸರಿಸಿ ಒಳಗೆ ಹೋದಳು. ಆದರೆ ಹಟವಾದಿ ಹೆಂಗಸು. ಮುಂದಿನ ವಾರವೆಲ್ಲ ಕೋಳಿಯ ಬದಲು ಆಲೂಗೆಡ್ಡೆ ಹಾಕಿ ತೆಂಗಿನ ಹಾಲಿನಲ್ಲಿ ಮಾಡಿ ಮಾಡಿ ನೋಡಿದಳು. ಬಶೀರ್ ದಿನಾ ಡಬ್ಬಿಯಲ್ಲಿ ತಂದು, 'ತಿನ್ನು ಗುರು, ನಿನ್ನಿಂದಲೇ ಆಗಿದ್ದು ಇದು' ಅಂತ ನನ್ನ ಮುಂದೆ ಇಡುತ್ತಿದ್ದ. ಅವನಿಗೆ ತಮಾಷೆ. ನನಗೆ ಒಳಗೊಳಗೇ ಖುಷಿ, ಅಡುಗೆ ಅಷ್ಟು ಚೆನ್ನಾಗಿತ್ತು. ಯಾವ ಪಾತ್ರೆಯಲ್ಲಿ ಮಾಡಿದ್ದು ಅಂತ ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ, ಅಮ್ಮನಿಗೆ ನಾನೂ ಹೇಳಲಿಲ್ಲ.

ಈಗ ಕೋಳಿಯ ವಿಷಯ. ಮಾರುಕಟ್ಟೆಯ ಬುಟ್ಟಿಯಲ್ಲಿ ಒತ್ತಿ ತುಂಬಿದ ಕೋಳಿಗಳಿಗೆ ರೆಕ್ಕೆ ಮುರಿದಿರಬಹುದು, ಏಟು ಬಿದ್ದ ಕೋಳಿ ಆಗದು ಅಂದ ಸಾಲೊಮನ್. ಹಾಗಾದರೆ ಮುನಿಯಮ್ಮನ ಕೋಳಿಗಳೇ ಸರಿ, ನಮ್ಮ ಬಾಗಿಲಲ್ಲಿ ರಾಜರ ಹಾಗೆ ಓಡಾಡುತ್ತವೆ ಅಂತ ಬಾಯಿ ತಪ್ಪಿ ಅಂದುಬಿಟ್ಟೆ. ಕೆಲಸ ನನ್ನ ತಲೆಗೇ ಬಂತು.

ಭಾನುವಾರ ಬೆಳಗ್ಗೆ ಮುನಿಯಮ್ಮನ ಮುಂದೆ ನಿಂತು, 'ಎರಡು ಕೋಳಿ ಬೇಕಿತ್ತಮ್ಮಾ' ಅಂದೆ.

ಆಕೆ ಮೊರ ಕೆಳಗಿಟ್ಟಳು. 'ಯಾಕ್ ಸಾಮಿ? ನಿಮ್ಗಾ?'

'ನನಗಲ್ಲಮ್ಮಾ, ಸ್ನೇಹಿತರಿಗೆ.'

'ಎಲ್ರೂ ಇಂಗೇ ಏಳೋದು ಸಾಮಿ' ಅಂತ ಆಕೆ ಕನಿಕರದಿಂದ ನನ್ನ ನೋಡಿದಳು. 'ನಿಮ್ ಅಮ್ಮಂಗೆ ಏಳಾಕಿಲ್ಲ, ಓಗಿ.'

'ಅಮ್ಮನಿಗೆ ಗೊತ್ತು ಮುನಿಯಮ್ಮಾ!' ಅಂತ ನಾನು ಕೂಗಿದ್ದು ಬೀದಿಗೆಲ್ಲ ಕೇಳಿಸಿತು. ಅಲ್ಲಿಗೆ ನನ್ನ ಮಾನದ ಜೊತೆ ಅಮ್ಮನದೂ ಹೋಯಿತು.

ಕಾಲು ಹಿಡಿದು ತಲೆಕೆಳಗಾಗಿ ತೂಗಿಸಿಕೊಂಡು ಬರಬೇಡ, ಮೂಳೆ ಉಳುಕಿದರೆ ಎಲ್ಲ ದಂಡ ಅಂತ ಸಾಲೊಮನ್ ಕಟ್ಟುನಿಟ್ಟಾಗಿ ಹೇಳಿದ್ದ. ಅದಕ್ಕೇ ಕಂಕುಳು. ಬಳ್ಳಾರಿ ರಸ್ತೆಗೆ ನಡೆದು ಬಸ್ಸು ಹತ್ತಿದರೆ ಕಂಡಕ್ಟರು ನನ್ನನ್ನೂ ಕೋಳಿಗಳನ್ನೂ ನೋಡಿ, 'ಮಕ್ಕಳಿಗೆ ಹಾಫ್ ಟಿಕೆಟ್ ತಗೊಳ್ಳಿ ಸಾರ್' ಅಂದ. ಹೆಬ್ಬಾಳ ದಾಟುವವರೆಗೆ ಇಡೀ ಬಸ್ಸು ನಗುತ್ತಿತ್ತು. ಒಂದು ಕೋಳಿಗೆ ನನ್ನ ಮೇಲೆ ಪ್ರೀತಿ ಹುಟ್ಟಿ ಮಲಗಿಬಿಟ್ಟಿತು, ಅದೊಂದು ಸಂಕಟ.

ಬಶೀರನ ಹಿತ್ತಿಲಲ್ಲಿ ಸಾಲೊಮನ್ ಅಪ್ಪನ ಚಾಕು ತೆಗೆದ. ಚೂಪು ತುದಿಯಿಲ್ಲದ ನೆಟ್ಟಗಿನ ಚಾಕು. ಹಿಂದಿನ ದಿನ ಬಶೀರನೇ ಅದಕ್ಕೆ ಸಾಣೆ ಹಿಡಿದು ಬಟ್ಟೆಯಲ್ಲಿ ಸುತ್ತಿಟ್ಟಿದ್ದ. ಸಾಲೊಮನ್ ಉಗುರಿನ ಮೇಲೆ ಎಳೆದ. ಮತ್ತೊಂದು ಸಲ ಎಳೆದ. ಬಶೀರನ ಮುಖ ನೋಡಿದ. 'ಪಾಸ್' ಅಂದ. ಕಾರ್ಖಾನೆಯಲ್ಲಿ ಆ ಮಾತಿಗಾಗಿ ಬಶೀರ್ ಎಷ್ಟು ಸಲ ಜಗಳವಾಡಿದ್ದನೋ, ಈಗ ಮಗುವಿನ ಹಾಗೆ ಕುಣಿದುಬಿಟ್ಟ. ಮುಂದಿನದು ನನಗೆ ಗೊತ್ತಿಲ್ಲ. ನಾನು ಗೋಡೆಯ ಕಡೆ ತಿರುಗಿ ನಿಂತೆ. ಹಿಂದಿನಿಂದ ಎರಡು ಭಾಷೆಗಳಲ್ಲಿ ದೇವರ ಹೆಸರು ಕೇಳಿಸಿತು. ಪ್ರೀತಿ ಮಾಡಿದ ಕೋಳಿ ನೆನಪಾಗಿ ನನ್ನ ಕಣ್ಣಿನಲ್ಲಿ ನೀರು ಬಂತು, ಸುಳ್ಳು ಯಾಕೆ ಹೇಳಲಿ.

ಮಧ್ಯಾಹ್ನ ಊಟಕ್ಕೆ ಚಾಪೆಯ ಮೇಲೆ ಬಿಳಿ ಬಟ್ಟೆ ಹಾಸಿ ಬಾಳೆಯೆಲೆ ಹಾಕಿದರು. ಯಲಹಂಕದ ಕುಂಬಾರನಿಂದ ತಂದ ಹೊಸ ಮಡಕೆ ನಡುವೆ ಬಂದು ಕೂತಿತು. ಮುಚ್ಚಳ ತೆಗೆದಾಗ ಬಂದ ಹಬೆಗೆ ಬೀದಿಯೇ ಬಾಗಿಲಿಗೆ ಬರುತ್ತದೇನೋ ಅನ್ನಿಸಿತು. ಮೂವರೂ ಕೂತೆವು. ಆಗ ಜುಬೇದಾ ನನ್ನ ಎಲೆ ನೋಡಿ ತಲೆಗೆ ಕೈ ಇಟ್ಟುಕೊಂಡಳು. ನನಗೆ ಏನೂ ಮಾಡಿರಲಿಲ್ಲ! ಅವರ ಕೋಷರ್, ಇವರ ಹಲಾಲು ಅಂತ ವಾರವೆಲ್ಲ ತಲೆ ಕೆಡಿಸಿಕೊಂಡವರು ಸೊಪ್ಪು ತಿನ್ನುವವನನ್ನು ಮರೆತೇಬಿಟ್ಟಿದ್ದರು.

'ಯೋಚನೆ ಮಾಡ್ಬೇಡಿ, ಅಮ್ಮ ಡಬ್ಬಿ ಕೊಟ್ಟಿದ್ದಾಳೆ' ಅಂತ ನಾನು ಚೀಲದಿಂದ ತೆಗೆದು ಮುಚ್ಚಳ ಬಿಚ್ಚಿದೆ.

ಮೊಸರನ್ನ.

ಬೇರೆಯವರ ಬಿರಿಯಾನಿಯ ಒಳಗಿನ ಮೊಸರನ್ನು ಕೊಡಿಗೇಹಳ್ಳಿಯಲ್ಲಿ ಕೂತೇ ಕಂಡುಹಿಡಿದ ಅಮ್ಮ, ತನ್ನ ಕೈಯಾರೆ ಮೊಸರನ್ನ ಕಲಸಿ ಅದೇ ಪಂಕ್ತಿಗೆ ಕಳಿಸಿದ್ದಳು! ತಪ್ಪು ಅವಳದಲ್ಲ. ನಮ್ಮಲ್ಲಿ ಮೊಸರನ್ನ ಅಡುಗೆಯೇ ಅಲ್ಲ, ಮನೆಯಿಂದ ಹೊರಟವನಿಗೆ ಕೊಡೆ ಕೊಟ್ಟ ಹಾಗೆ ಕೊಟ್ಟುಬಿಡುವುದು.

'ನಕ್ಕೋ ಭಾಯ್, ನಕ್ಕೋ! ಬೇಡ!' ಅಂತ ಜುಬೇದಾ ಕಿರುಚಿದ ರಭಸಕ್ಕೆ ಡಬ್ಬಿ ನನ್ನ ಕೈಯಿಂದ ಬೀಳುವುದರಲ್ಲಿತ್ತು. ವಾರದ ಹಿಂದೆ ಮೊಸರಿಗಾಗಿ ಜಗಳವಾಡಿದವಳೇ ಈಗ ಮೊಸರಿನ ಪರಮ ವೈರಿ. 'ದಹೀ! ನನ್ನ ಇಷ್ಟು ದಿನದ ಮೆಹನತ್ತೆಲ್ಲ ಹಾಳಾಗ್ಹೋಗುತ್ತೆ! ಆಚೆ! ಆಚೆ ಕೂತ್ಕೊಳ್ಳಿ ಭಾಯ್, ದಮ್ಮಯ್ಯ ಅಂತೀನಿ!' ಸಾಲೊಮನ್ ಪಾಪ ಎದ್ದು, 'ಪರವಾಗಿಲ್ಲ ಭಾಭಿ, ಮಧ್ಯೆ ಏನಾದರೂ ಅಡ್ಡ ಇಟ್ಟರೆ ಸಾಕು' ಅನ್ನುತ್ತಲೇ ಇದ್ದ. ಅವಳು ಕೇಳಬೇಕಲ್ಲ! ಬಶೀರ್ ನಗುತ್ತ ನನ್ನ ಎಲೆಯನ್ನು ತಾನೇ ಎತ್ತಿಕೊಂಡು ಬಂದು, ಬಾಗಿಲ ಹೊರಗಿನ ಮೆಟ್ಟಿಲ ಮೇಲೆ ಹಾಸಿ, ಪಕ್ಕದಲ್ಲಿ ಗಾಜಿನ ಲೋಟದಲ್ಲಿ ನೀರಿಟ್ಟು, 'ಇದು ನಿನ್ನ ಸೀಟು, ಗುರು' ಅಂದ.

ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ಎರಡು ಕೋಳಿ ಹೊತ್ತು ಊರಿಗೆಲ್ಲ ನಗೆಪಾಟಲಾದ ನನಗೆ ಸಿಕ್ಕಿದ್ದೂ ಅದೇ. ಬೀದಿಯಲ್ಲಿ ಹೋಗುತ್ತಿದ್ದ ಒಬ್ಬರು ನಿಂತು, 'ಯಾಕೆ ಸಾರ್, ಆಚೆ ಕೂತಿದೀರಾ?' ಅಂತ ಕೇಳಿದರು. ನನ್ನ ವಂಶದಲ್ಲಿ ನನಗೆ ಗೊತ್ತಿದ್ದ ಮಟ್ಟಿಗೆ ಪಂಕ್ತಿಯಿಂದ ಎಬ್ಬಿಸಿಕೊಂಡು ಹೊರಗೆ ಕೂತವನು ನಾನೊಬ್ಬನೇ, ಅದೂ ಶುದ್ಧ ಮೊಸರನ್ನದ ದೆಸೆಯಿಂದ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಇಷ್ಟು ಪ್ರೀತಿಯಿಂದ ಹೊರಗಿಟ್ಟರೆ ಯಾರಿಗೆ ತಾನೇ 'ಹಾಗೇಕೆ?' ಅಂತ ಕೇಳಲು ಬಾಯಿ ಬರುತ್ತದೆ? ಹಾಗಂತ ಮೆಟ್ಟಿಲು ಮೆತ್ತಗಾಗುವುದಿಲ್ಲ, ಮಧ್ಯಾಹ್ನದ ಬಿಸಿಲು ಸೀದಾ ಎಲೆಗೇ ಹೊಡೆಯುತ್ತಿತ್ತು.

ಕತ್ತು ಚಾಚಿ ಒಳಗೆ ನೋಡಿದೆ. ಸಾಲೊಮನ್ ತಲೆಯ ಮೇಲೆ ಪುಟ್ಟ ಟೋಪಿ ಇಟ್ಟು ಕಣ್ಣು ಮುಚ್ಚಿ ಏನೋ ಹೇಳಿಕೊಂಡ. ಮೊದಲ ತುತ್ತು ಬಾಯಿಗಿಟ್ಟ. ಪರದೆಯ ಸಂದಿಯಲ್ಲಿ ಜುಬೇದಾಳ ಒಂದು ಕಣ್ಣು. ಬಶೀರ್ ತನ್ನ ಎಲೆ ಮುಟ್ಟದೆ ಅವನ ಬಾಯನ್ನೇ ನೋಡುತ್ತಿದ್ದ. ಸಾಲೊಮನ್ ನಿಧಾನವಾಗಿ ಅಗಿದ, ನುಂಗಿದ. ಎಲೆ ಪೂರ್ತಿ ಬರಿದು ಮಾಡಿದ ಮೇಲೆ ಪರದೆಯ ಕಡೆ ತಿರುಗಿ, 'ಭಾಭಿ, ಇನ್ನೂ ಸ್ವಲ್ಪ ಹಾಕ್ತೀರಾ?' ಅಂದ.

ಬಶೀರ್ ಅತ್ತುಬಿಟ್ಟ. ಮೀಸೆ ಬಂದ ಗಂಡಸು, ಊಟದ ಎಲೆಯ ಮುಂದೆ, ಗಟ್ಟಿಯಾಗಿ ಅತ್ತ. ಮೆಟ್ಟಿಲ ಮೇಲೆ ಕೂತು ನಾನೂ ಅತ್ತೆ. ಉಪ್ಪು ಕಡಿಮೆಯಿದ್ದ ಮೊಸರನ್ನ ಸರಿಹೋಯಿತು.

ಅದೇ ವಾರ ಸಾಲೊಮನ್ ಹೊರಟುಹೋದ. ಊಟವಾದ ಆ ಭಾನುವಾರ ಸಂಜೆಯೇ ಮನೆಗೆ ಬಂದು ಅಮ್ಮನಿಗೆ ಎಲ್ಲ ಹೇಳಿದೆ. ಮೊಸರನ್ನದ ಪ್ರಸಂಗಕ್ಕೆ ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. 'ಅಯ್ಯೋ ನನ್ನ ಬುದ್ಧಿಗಿಷ್ಟು! ನಿನ್ನ ಆಚೆ ಕೂರಿಸಿದ್ರಾ? ಮೆಟ್ಟಿಲ ಮೇಲಾ? ಬಿಸಿಲಿರಲಿಲ್ವೇನೋ?' ಅಂದಳು. 'ಇತ್ತು' ಅಂದೆ. 'ನೀರು?' ಅಂದಳು. 'ಗಾಜಿನ ಲೋಟದಲ್ಲಿ ಕೊಟ್ರು' ಅಂದೆ. ಅವಳು ಮತ್ತೆ ನಗುವುದಕ್ಕೆ ಹೋಗಿ ನಗಲಿಲ್ಲ. ಎದ್ದು ಹೋಗಿ ತೊಳೆದಿಟ್ಟಿದ್ದ ಪಾತ್ರೆಯನ್ನೇ ಮತ್ತೆ ತೊಳೆಯತೊಡಗಿದಳು.

ಮುಂದಿನ ಭಾನುವಾರ ಬಶೀರ್ ಒಬ್ಬನೇ ಬಂದ. ಸಂಜೆ ಕಳೆದು ದೀಪ ಹಚ್ಚುವ ಹೊತ್ತು, ದ್ರಾಕ್ಷಿ ತೋಟದ ಕಡೆಯಿಂದ ತಣ್ಣನೆ ಗಾಳಿ. ಯಾವತ್ತಿನ ಹಾಗೆ ಟವಲಿನಿಂದ ಜಗಲಿ ಕೊಡವಿ ಕೂರಲು ಹೋದ. ಒಳಗಿಂದ ಅಮ್ಮ ಬಾಗಿಲಿಗೆ ಬಂದಳು. ಅವಳ ಕೈಯಲ್ಲಿ ಕಾಫಿ ಇರಲಿಲ್ಲ.

'ಒಳಗೆ ಬನ್ನಿ' ಅಂದಳು. 'ಜಗಲಿ ಮೇಲೆ ಬಹಳ ಬಿಸಿಲು.'

ಬಶೀರ್ ಕತ್ತಲಾಗುತ್ತಿದ್ದ ಆಕಾಶ ನೋಡಿದ. ನನ್ನ ಮುಖ ನೋಡಿದ. ಆಮೇಲೆ ಟವಲನ್ನು ತೆಗೆದು ಹಣೆ, ಕುತ್ತಿಗೆಯೆಲ್ಲ ಒರೆಸಿಕೊಂಡು, 'ಹೌದಮ್ಮಾ, ಏನು ಬಿಸಿಲು ಅಂತೀರಿ!' ಅಂತ ಚಪ್ಪಲಿ ಬಿಟ್ಟು ಹೊಸ್ತಿಲು ದಾಟಿದ.